ಟೈಸನ್ ತಲೆಯ ಗಡ್ಡೆ, ಹಾಸನದ ಒಂದು ನಾಯಿ ಕ್ಲಿನಿಕ್: ಐದಕ್ಕೆ ನಾಲ್ಕು ಸ್ಟಾರ್

ಕ್ಲಿನಿಕ್ ಹೆಸರು ಹಾಕುತ್ತಿಲ್ಲ. ಹೊಗಳೋದು ಜಾಸ್ತಿ ಇದೆ, ಆದರೆ ಒಂದು ಜಗಳವೂ ಇದೆ.

ನಮ್ಮದು ಆಲ್ದೂರು ಕಡೆ ತೋಟ. ಜನವರಿಯಲ್ಲಿ ಕಣದಲ್ಲಿ ಕಾಫಿ ಹರಡಿದ್ದೆವು. ಒಂದು ಬೆಳಗ್ಗೆ ನೋಡಿದರೆ ಕಾಫಿ ಮೇಲೆ ದುಂಡಗೆ ದಾರಿ ಬಿದ್ದಿದೆ, ಗಾಣದ ಎತ್ತು ಸುತ್ತಿದ ಹಾಗೆ. ನಮ್ಮ ಟೈಸನ್, ಎಂಟು ವರ್ಷದ ಬಾಕ್ಸರ್, ಬಲಕ್ಕೇ ಸುತ್ತುತ್ತಿದ್ದ. ಕರೆದರೆ ನಿಲ್ಲುತ್ತಾನೆ, ನೋಡುತ್ತಾನೆ, ಮತ್ತೆ ಬಲಕ್ಕೆ ಹೊರಡುತ್ತಾನೆ.

ಮೊದಲು ಹತ್ತಿರದಲ್ಲೇ ತೋರಿಸಿದೆವು. ಉಣ್ಣೆ ಜ್ವರ ಅಂತ ಇಂಜೆಕ್ಷನ್ ಕೊಟ್ಟರು. ತಪ್ಪು ಅನ್ನಲ್ಲ, ತೋಟದ ನಾಯಿಗಳಿಗೆ ಅದು ಬರೋದೇ ಜಾಸ್ತಿ. ಅಮ್ಮ ದೃಷ್ಟಿ ಆಗಿದೆ ಅಂದರು, ತಡೆ ಒಡೆಸಿದ್ದೂ ಆಯಿತು. ನಾಲ್ಕನೇ ರಾತ್ರಿ ಫಿಟ್ಸ್ ಬಂತು. ಕಾಲು ನಾಲ್ಕೂ ಸೆಟೆದು, ಬಾಯಲ್ಲಿ ನೊರೆ, ಎದ್ದ ಮೇಲೆ ನನ್ನನ್ನೇ ನೋಡಿ ಗುರ್ ಅಂದ. ಅವತ್ತು ಹೆದರಿಕೆ ಆಯಿತು ನೋಡಿ.

ಬೇಲೂರು ಮೇಲೆ ಹಾಸನಕ್ಕೆ ಹೋದೆವು. ಟೋಕನ್ ಇಲ್ಲ, ಬಂದವರಿಗೆ ಬಂದ ಹಾಗೆ, ಎರಡು ಗಂಟೆ ಜೀಪಲ್ಲೇ ಕೂತೆವು. ಆದರೆ ಒಳಗೆ ಹೋದ ಮೇಲೆ ಡಾಕ್ಟರು ಅವಸರ ಮಾಡಲಿಲ್ಲ. ಔಷಧಿ ಚೀಟಿ ಬರೆಯೋ ಮೊದಲು ಅರ್ಧ ಗಂಟೆ ನೋಡಿದರು. ಟೈಸನ್ ಎಡಗಾಲನ್ನು ಮಡಚಿ ಪಾದದ ಮೇಲ್ಭಾಗ ನೆಲಕ್ಕೆ ತಾಗೋ ಹಾಗೆ ಇಟ್ಟರು. ಆರೋಗ್ಯವಾಗಿರೋ ನಾಯಿ ತಕ್ಷಣ ಸರಿ ಮಾಡಿಕೊಳ್ಳುತ್ತದಂತೆ. ಇವನು ಹಾಗೇ ಬಿಟ್ಟ. ಬಲಗಾಲು ಇಟ್ಟರೆ ಕೂಡಲೇ ತಿರುಗಿಸಿಕೊಂಡ. ಎಡಗಣ್ಣಿನ ಹತ್ತಿರ ಕೈ ಬೀಸಿದರೆ ರೆಪ್ಪೆ ಮುಚ್ಚಲಿಲ್ಲ. ನಾನು ಮೊಬೈಲಲ್ಲಿ ಕಣದ ವಿಡಿಯೋ ತೋರಿಸಿದೆ. 'ನೋಡಿ ಗೌಡ್ರೇ, ಗಡ್ಡೆ ಇದ್ದರೆ ತಲೆಯ ಬಲಭಾಗದಲ್ಲೇ ಇರಬೇಕು' ಅಂದರು. ಸುತ್ತೋದು ಗಡ್ಡೆ ಇರೋ ಕಡೆಗೆ, ಕೈಕಾಲು ಸೋಲೋದು ಅದರ ಎದುರು ಕಡೆಗೆ. ಚೀಟಿಯ ಹಿಂದೆ ಮೆದುಳಿನ ಚಿತ್ರ ಗೀಚಿ ತೋರಿಸಿದರು, ಗೋಡಂಬಿ ಥರ ಬಂತು, ಆದರೂ ಅರ್ಥ ಆಯಿತು. ಬೆಂಗಳೂರಿಗೆ ಹೋಗಿ ಅರಿವಳಿಕೆ ಕೊಟ್ಟು ಎಂಆರ್‌ಐ ಮಾಡಿಸಿದರೆ ಬಲಗಡೆಯೇ. ನೋಡೋಕೆ ಗ್ಲಿಯೋಮ (ಮೆದುಳಿನ ಕೋಶಗಳಿಂದಲೇ ಹುಟ್ಟೋ ಗಡ್ಡೆ) ಥರ ಇದೆ ಅಂತ ವರದಿ. ಬಾಕ್ಸರ್, ಬುಲ್‌ಡಾಗ್, ಬೋಸ್ಟನ್ ಟೆರಿಯರ್ ಇಂಥ ಚಪ್ಪಟೆ ಮೂತಿಯ ತಳಿಗಳಿಗೆ ಇದು ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಮರಿ ತರುವಾಗ ಯಾರೂ ಹೇಳಿರಲಿಲ್ಲ.

ಇನ್ನು ನಾನು ಬರೆಯೋಕೆ ಕೂತ ವಿಷಯ. ಮುಂದೇನು ಅಂತ ಕೇಳಿದಾಗ ಡಾಕ್ಟರು ಅಮೆರಿಕದ ಮಾತು ತೆಗೆದರು. ಅಲ್ಲಿ ಇಂಥದೇ ಗಡ್ಡೆ ಬಂದ ಸಾಕುನಾಯಿಗಳಿಗೆ ಹೊಸ ಚಿಕಿತ್ಸೆ ಕೊಟ್ಟು ನೋಡುತ್ತಾರೆ. 2003ರಿಂದ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ ಇದಕ್ಕೊಂದು ಕಾರ್ಯಕ್ರಮ ನಡೆಸುತ್ತಿದೆ, ವೆಟರ್ನರಿ ಕಾಲೇಜುಗಳು ಜೊತೆಗಿವೆ. 2008ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಬ್ಯಾಟ್‌ಮನ್ ಅನ್ನೋ ನಾಯಿಗೆ ಗಡ್ಡೆ ತೆಗೆದು, ಆ ಗಡ್ಡೆಯ ಕೋಶಗಳಿಂದಲೇ ಲಸಿಕೆ ಮಾಡಿ ಕೊಟ್ಟರಂತೆ. ಅದು ಒಂದು ವರ್ಷದ ಮೇಲೆ ಬದುಕಿತ್ತು.

ಪಕ್ಕದಲ್ಲಿದ್ದ ಭಾವ ರೇಗಿದರು. 'ನಮ್ಮ ಟೈಸನ್ ಏನು ಪ್ರಯೋಗದ ಇಲಿಯಾ?' ಡಾಕ್ಟರು ನಕ್ಕು, ಇಲಿಗೂ ಇವನಿಗೂ ಇರೋ ವ್ಯತ್ಯಾಸವೇ ಇಲ್ಲಿ ಮುಖ್ಯ ಅಂದರು. ಇಲಿಗೆ ಸಾಮಾನ್ಯವಾಗಿ ಗಡ್ಡೆಯನ್ನು ಬೇಕು ಅಂತ ನೆಡುತ್ತಾರೆ. ನಾಯಿಗೆ ಅದು ತಾನಾಗೇ ಬರುತ್ತದೆ, ನಮ್ಮ ಮನೆಯಲ್ಲೇ, ನಮ್ಮದೇ ಗಾಳಿ ನೀರು ಕುಡಿದು, ವಯಸ್ಸಾದ ಮೇಲೆ, ಮನುಷ್ಯನಿಗೆ ಬರೋ ಹಾಗೇ. ಮೆದುಳೂ ಇಲಿಯದಕ್ಕಿಂತ ಎಷ್ಟೋ ದೊಡ್ಡದಿರುವುದರಿಂದ ಮನುಷ್ಯರಿಗೆ ಮಾಡೋ ಅದೇ ಎಂಆರ್‌ಐ, ಅದೇ ಥರದ ಸರ್ಜರಿ ಮಾಡಬಹುದು. ಮನುಷ್ಯರಲ್ಲಿ ಇದರ ಕೆಟ್ಟ ರೂಪ ಗ್ಲಿಯೋಬ್ಲಾಸ್ಟೋಮ. ಸರ್ಜರಿ, ರೇಡಿಯೇಷನ್, ಟೆಮೋಜೊಲೊಮೈಡ್ ಮಾತ್ರೆ ಎಲ್ಲ ಮಾಡಿದರೂ ಬದುಕೋದು ಸರಾಸರಿ ಒಂದೂಕಾಲು ವರ್ಷ. ನಾಯಿಯಿಂದ ಮನುಷ್ಯನಿಗೆ ದಾರಿ ಆಗಿದ್ದೂ ಇದೆ. ಮೈಲೋಮ ಅನ್ನೋ ರಕ್ತದ ಕ್ಯಾನ್ಸರಿಗೆ ಮನುಷ್ಯರಿಗೆ ಕೊಡೋ ಸೆಲಿನೆಕ್ಸರ್‌ಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಮೊದಲೇ, ಅದರ ದಾಯಾದಿ ಅನ್ನಬಹುದಾದ ವರ್ಡಿನೆಕ್ಸರ್ ಅನ್ನು ಲಿಂಫೋಮ ಅನ್ನೋ ಕ್ಯಾನ್ಸರ್ ಬಂದ ಸಾಕುನಾಯಿಗಳಿಗೆ ಕೊಟ್ಟು ನೋಡಿದ್ದರು.

ಇದೆಲ್ಲ ಕೇಳಿ ನನಗೆ ಅನಿಸಿದ್ದು ಬೇರೆ. ಅಲ್ಲಿ ಸೇರಿಸೋ ಮೊದಲು ಸಾಕಿದವರಿಗೆ ಕಾಗದದಲ್ಲಿ ಬರೆದು ಕೊಡುತ್ತಾರೆ: ಏನು ಮಾಡುತ್ತೇವೆ, ಏನು ಕೆಡಬಹುದು, ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಇಲ್ಲಿ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದ ಕಡೆ ನನ್ನಿಂದ ಮೂರು ಸಹಿ ಹಾಕಿಸಿಕೊಂಡರು, ಒಂದನ್ನೂ ಓದೋಕೆ ಬಿಡಲಿಲ್ಲ. ಹಾಗಾದರೆ ಯಾವುದು ಪ್ರಯೋಗ, ಯಾವುದು ಚಿಕಿತ್ಸೆ?

ನಮ್ಮೂರಲ್ಲಿ ಅಂಥ ಅವಕಾಶ ಇದ್ದಿದ್ದರೆ ಸಹಿ ಹಾಕುತ್ತಿದ್ದೆ ಅನಿಸುತ್ತದೆ. ಪೂರ್ತಿ ಗಟ್ಟಿಯಾಗಿ ಹೇಳಲಾರೆ. ಗಡ್ಡೆ ಕುಗ್ಗಿದೆಯಾ ಅಂತ ನೋಡೋಕೆ ಪದೇ ಪದೇ ಸ್ಕ್ಯಾನ್, ಪ್ರತಿ ಸಲ ಅರಿವಳಿಕೆ. ಬೆಂಗಳೂರಿಂದ ಬರುವಾಗ ಅವನು ದಾರಿಯುದ್ದಕ್ಕೂ ಹೆಂಡತಿಯ ಮಡಿಲಲ್ಲಿ ತಲೆ ಇಟ್ಟು ಮುಲುಗುತ್ತಿದ್ದ. ಒಪ್ಪಿಗೆ ನಮ್ಮದು, ಸೂಜಿ ಅವನಿಗೆ, ಅಲ್ವಾ.

ಡಾಕ್ಟರು ಆಸೆ ಹುಟ್ಟಿಸಿ ದುಡ್ಡು ಕೀಳಲಿಲ್ಲ. ಗಡ್ಡೆಯ ಸುತ್ತಿನ ಬಾವು ಇಳಿಯೋಕೆ ಪ್ರೆಡ್ನಿಸೊಲೋನ್, ಫಿಟ್ಸ್‌ಗೆ ಫಿನೋಬಾರ್ಬಿಟೋನ್, ಹನ್ನೆರಡು ಗಂಟೆಗೊಮ್ಮೆ ತಪ್ಪದೆ. ತಿಂಗಳು ಎರಡು ತಿಂಗಳು ಅಂತ ನೇರವಾಗಿ ಹೇಳಿದರು. ಮಾತ್ರೆ ಶುರುವಾದ ಮೇಲೆ ವಿಪರೀತ ಹಸಿವು, ಬಾಯಾರಿಕೆ, ರಾತ್ರಿ ಮೂರು ಸಲ ಹೊರಗೆ ಬಿಡಬೇಕು. ಒಂದು ದಿನ ಅಡುಗೆಮನೆಗೆ ನುಗ್ಗಿ ಪಾತ್ರೆಯಲ್ಲಿದ್ದ ಕಡುಬನ್ನೆಲ್ಲ ಮುಗಿಸಿದ. ಅಮ್ಮ ಬೈಯಲಿಲ್ಲ, ಇನ್ನೊಂದು ಒಬ್ಬೆ ಬೇಯಿಸಿದರು.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ ಮಾರ್ಚ್‌ನ ಆ ಭಾನುವಾರಕ್ಕೆ. ಬೆನ್ನುಬೆನ್ನಿಗೆ ನಾಲ್ಕು ಫಿಟ್ಸ್, ಕ್ಲಿನಿಕ್ ಫೋನ್ ಸ್ವಿಚ್ ಆಫ್. ಹತ್ತು ಸಲ ಮಾಡಿದೆ. ಭಾನುವಾರ ರಜಾ ಅಂತ ಮೊದಲೇ ಹೇಳಿ, ತುರ್ತಿಗೆ ಇನ್ನೊಬ್ಬರ ನಂಬರ್ ಕೊಟ್ಟಿದ್ದರೆ ಸಾಕಿತ್ತು. ಟೈಸನ್ ಬೆಳಗಿನ ಜಾವ ಹೋದ. ಹಿಂದಿನ ದಿನವಷ್ಟೇ ಹೂಮಳೆ ಬಿದ್ದಿತ್ತು.

ಹೋಗೋರಿಗೆ ಇಷ್ಟು: ನಾಯಿ ನಡೆಯೋ ವಿಡಿಯೋ, ಫಿಟ್ಸ್ ಬಂದಾಗಿನ ವಿಡಿಯೋ ಎರಡೂ ಮೊಬೈಲಲ್ಲಿ ಇಟ್ಟುಕೊಳ್ಳಿ, ಎಷ್ಟು ನಿಮಿಷ ಇತ್ತು ಅಂತ ಬರೆದಿಡಿ. ಮತ್ತೆ ಶನಿವಾರವೇ ಭಾನುವಾರದ ನಂಬರ್ ಕೇಳಿ ಈಸ್ಕೊಳ್ಳಿ.