ಡೆಸ್ಕ್‌ಟಾಪ್ ಐಕಾನ್ ಮರೆಮಾಡಲು ಯಾವ ದಾರಿ ಒಳ್ಳೆಯದು? ವಿಂಡೋಸ್ 10, 11ರಲ್ಲಿ ಬಳಸಿ ನೋಡಿದ ಹೋಲಿಕೆ

ಪರದೆಯ ಮೇಲೆ ವಾಲ್‌ಪೇಪರ್ ಒಂದೇ ಉಳಿಯುವಂತೆ ಮಾಡಲು ವಿಂಡೋಸ್‌ನಲ್ಲಿ ಹಲವು ದಾರಿಗಳಿವೆ. ನೋಡಲು ಎಲ್ಲದರ ಫಲವೂ ಒಂದೇ. ಬಳಸುವಾಗ ಮಾತ್ರ ಮೂರು ಕಡೆ ವ್ಯತ್ಯಾಸ ಎದ್ದು ಕಾಣುತ್ತದೆ: ಬೇಕಾದ ಐಕಾನ್ ಒಂದನ್ನೇ ಮರೆಮಾಡಬಹುದೇ, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಕೆಲಸ ಮಾಡುತ್ತದೆಯೇ, ಮರೆಯಾದದ್ದನ್ನು ಮರಳಿ ತರುವುದು ಎಷ್ಟು ಸುಲಭ.

ಎಲ್ಲಕ್ಕಿಂತ ಸರಳವಾದದ್ದು ವ್ಯೂ ಮೆನು. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ವ್ಯೂ ಒಳಗಿನ ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಮುಂದಿನ ಟಿಕ್ ತೆಗೆಯಿರಿ. ರೀಸೈಕಲ್ ಬಿನ್ ಸೇರಿ ಎಲ್ಲವೂ ಒಮ್ಮೆಲೇ ಮಾಯವಾಗುತ್ತವೆ. ಮತ್ತೆ ಟಿಕ್ ಹಾಕಿದರೆ ಹಿಂತಿರುಗುತ್ತವೆ. ಫೈಲ್‌ಗಳು ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲೇ ಇರುವುದರಿಂದ ಫೈಲ್ ಎಕ್ಸ್‌ಪ್ಲೋರರ್‌ನ ಎಡಬದಿಯ ‘ಡೆಸ್ಕ್‌ಟಾಪ್’ ಒತ್ತಿ ಯಾವಾಗ ಬೇಕಾದರೂ ತೆರೆಯಬಹುದು. ತರಗತಿಯ ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಜೋಡಿಸುವವರಿಗೆ, ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡುವವರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡ. ಆದರೆ ಒಂದು ಗೊಂದಲ ಇಲ್ಲೇ ಹುಟ್ಟುತ್ತದೆ: ಟಿಕ್ ತೆಗೆದದ್ದು ಮರೆತು ಡೆಸ್ಕ್‌ಟಾಪ್‌ಗೆ ಫೈಲ್ ಸೇವ್ ಮಾಡಿದರೆ ಅದು ಕಾಣುವುದಿಲ್ಲ, ಫೈಲೇ ಹೋಯಿತು ಎಂದು ಜನ ಗಾಬರಿಯಾಗುತ್ತಾರೆ. ಐಕಾನ್ ಎಲ್ಲ ಅಳಿಸಿಹೋದವು ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದದ್ದು ಈ ಟಿಕ್ ಅನ್ನೇ.

ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವವರಿಗೆ ಮೆನುವಿನ ಸುತ್ತು ಬೇಸರ ತರುತ್ತದೆ. ಅಲ್ಲಿ ಸ್ಟಾರ್‌ಡಾಕ್‌ನ ಫೆನ್ಸಸ್ ಚೆನ್ನಾಗಿದೆ. ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿದರೆ ಐಕಾನ್ ಮಾಯ, ಇನ್ನೊಮ್ಮೆ ಮಾಡಿದರೆ ಹಾಜರ್. ಕೆಲವು ಐಕಾನ್‌ಗಳನ್ನು ಮಾತ್ರ ಮರೆಯಾಗದಂತೆ ಹೊರಗಿಡಲೂ ಬರುತ್ತದೆ, ವ್ಯೂ ಮೆನುವಿನಲ್ಲಿ ಈ ಸೌಲಭ್ಯವಿಲ್ಲ. ಆದರೆ ಇದು ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶ. ಐಕಾನ್ ಮರೆಮಾಡುವುದಕ್ಕೆಂದೇ ಕೊಳ್ಳುವುದು ದಂಡ, ಐಕಾನ್‌ಗಳನ್ನು ಗುಂಪು ಮಾಡಿಡುವ ಅಭ್ಯಾಸವೂ ಇದ್ದರೆ ಸಾರ್ಥಕ. ಉಚಿತವೇ ಬೇಕೆಂದರೆ ಆಟೋಹೈಡ್‌ಡೆಸ್ಕ್‌ಟಾಪ್‌ಐಕಾನ್ಸ್ ಎಂಬ ಪುಟ್ಟ ತಂತ್ರಾಂಶವಿದೆ. ನೀವು ಕೊಟ್ಟ ಸೆಕೆಂಡ್‌ಗಳ ನಂತರ ಐಕಾನ್‌ಗಳನ್ನು ತಾನೇ ಮರೆಮಾಡುತ್ತದೆ. ಎರಡೂ ಹಿನ್ನೆಲೆಯಲ್ಲಿ ಸದಾ ಓಡುತ್ತಿರಬೇಕು.

ಒಂದೋ ಎರಡೋ ಐಕಾನ್ ಮಾತ್ರ ಕಾಣಬಾರದು ಎಂದರೆ ಹೆಚ್ಚಿನವರು ಹಿಡಿಯುವುದು ಹಿಡನ್ ಗುರುತಿನ ದಾರಿ. ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಜನರಲ್ ಟ್ಯಾಬ್‌ನ ಕೆಳಗೆ ‘ಹಿಡನ್’ ಟಿಕ್, ಓಕೆ. ಇಷ್ಟು ಮಾಡಿದರೂ ಐಕಾನ್ ಹೋಗದೆ ಮಸುಕಾಗಿ ಅಲ್ಲೇ ಉಳಿದಿದ್ದರೆ ನಿಮ್ಮ ಎಕ್ಸ್‌ಪ್ಲೋರರ್‌ನಲ್ಲಿ ‘ಹಿಡನ್ ಐಟಮ್ಸ್’ ತೋರಿಸುವ ಆಯ್ಕೆ ಚಾಲೂ ಇದೆ ಎಂದರ್ಥ. ವಿಂಡೋಸ್ 11ರಲ್ಲಿ ಅದು ವ್ಯೂ, ಆಮೇಲೆ ಶೋ ಒಳಗಿದೆ. 10ರಲ್ಲಿ ವ್ಯೂ ಟ್ಯಾಬ್‌ನಲ್ಲೇ ಸಿಗುತ್ತದೆ. ಅಲ್ಲಿ ಟಿಕ್ ತೆಗೆದರೆ ಪೂರ್ತಿ ಮರೆಯಾಗುತ್ತದೆ. ಗುಟ್ಟು ಕಾಯಲು ಈ ದಾರಿ ಬೇಡವೇ ಬೇಡ, ಏಕೆಂದರೆ ಅದೇ ಟಿಕ್ ಹಾಕಿದವರಿಗೆಲ್ಲ ಫೈಲ್ ಕಾಣುತ್ತದೆ.

ಫೋಲ್ಡರ್ ಮರೆಮಾಡುವಾಗ ಇನ್ನೊಂದು ಪೆಟ್ಟಿಗೆ ತೆರೆದುಕೊಂಡು, ಈ ಫೋಲ್ಡರ್‌ಗೆ ಮಾತ್ರವೇ ಅಥವಾ ಒಳಗಿನ ಎಲ್ಲಕ್ಕೂ ಸೇರಿಯೇ ಎಂದು ಕೇಳುತ್ತದೆ. ‘ಈ ಫೋಲ್ಡರ್‌ಗೆ ಮಾತ್ರ’ ಎಂಬುದನ್ನೇ ಆರಿಸಿ. ಎಲ್ಲಕ್ಕೂ ಎಂದರೆ ಒಳಗಿನ ಪ್ರತಿ ಫೈಲ್‌ಗೂ ಹಿಡನ್ ಗುರುತು ಬೀಳುತ್ತದೆ. ಮುಂದೊಂದು ದಿನ ಫೋಲ್ಡರ್‌ನ ಟಿಕ್ ಮಾತ್ರ ತೆಗೆದಾಗ ಫೋಲ್ಡರ್ ಕಾಣುತ್ತದೆ, ತೆರೆದರೆ ಒಳಗೆ ಖಾಲಿ! ಫೈಲ್‌ಗಳು ಅಲ್ಲೇ ಇರುತ್ತವೆ, ಅವುಗಳ ಗುರುತು ತೆಗೆದಿರುವುದಿಲ್ಲ ಅಷ್ಟೇ.

ಕೆಲವು ಶಾರ್ಟ್‌ಕಟ್‌ಗಳಿಗೆ ಹಿಡನ್ ಟಿಕ್ ಹಾಕಹೋದರೆ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತದೆ. ಅವು ನಿಮ್ಮ ಸ್ವಂತ ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲಿಲ್ಲ, ಎಲ್ಲ ಬಳಕೆದಾರರಿಗೂ ಸೇರಿದ ಪಬ್ಲಿಕ್ ಡೆಸ್ಕ್‌ಟಾಪ್‌ನಲ್ಲಿವೆ. ಇನ್‌ಸ್ಟಾಲ್ ಮಾಡುವಾಗ ಎಲ್ಲರಿಗೂ ಎಂದು ಹಾಕಿಸಿಕೊಂಡ ತಂತ್ರಾಂಶಗಳ ಶಾರ್ಟ್‌ಕಟ್ ಬೀಳುವುದು ಅಲ್ಲೇ. ಡಿಟಿಪಿ ಅಂಗಡಿಯ ಕಂಪ್ಯೂಟರ್‌ನಲ್ಲಿ ಇಬ್ಬರು ಮೂವರು ಬೇರೆ ಬೇರೆ ಅಕೌಂಟ್‌ನಿಂದ ಕೆಲಸ ಮಾಡುತ್ತಿದ್ದರೆ, ಅಲ್ಲಿರುವ ಶಾರ್ಟ್‌ಕಟ್ ಒಂದನ್ನು ನೀವು ಮರೆಮಾಡಿದರೆ ಉಳಿದವರಿಗೂ ಅದು ಕಾಣೆಯಾಗುತ್ತದೆ. ಕೇಳಿಯೇ ಮಾಡಬೇಕು. ಇನ್ನು ತಂತ್ರಾಂಶ ಅಪ್‌ಡೇಟ್ ಆಗಿ ಹೊಸ ಶಾರ್ಟ್‌ಕಟ್ ಸೃಷ್ಟಿಸಿತೆಂದರೆ ಹೊಸದಕ್ಕೆ ಹಳೆಯ ಗುರುತು ಇರುವುದಿಲ್ಲ, ಐಕಾನ್ ಮತ್ತೆ ಪ್ರತ್ಯಕ್ಷ.

ಇಷ್ಟೆಲ್ಲ ಗೋಜಲಿಗಿಂತ, ಶಾರ್ಟ್‌ಕಟ್‌ಗಳ ಮಟ್ಟಿಗೆ, ಅವನ್ನು ಟಾಸ್ಕ್‌ಬಾರ್‌ಗೆ ಪಿನ್ ಮಾಡಿ ಡೆಸ್ಕ್‌ಟಾಪ್‌ನಿಂದ ಡಿಲೀಟ್ ಮಾಡುವುದೇ ಮೇಲು. ಪಿನ್ ಆದ ಮೊದಲ ಒಂಬತ್ತನ್ನು ವಿಂಡೋಸ್ ಕೀ ಜೊತೆ 1ರಿಂದ 9ರವರೆಗಿನ ಅಂಕೆ ಒತ್ತಿ ತೆರೆಯಬಹುದು, ಇದು ಐಕಾನ್ ಹುಡುಕಿ ಡಬಲ್ ಕ್ಲಿಕ್ ಮಾಡುವುದಕ್ಕಿಂತ ಬೇಗ. ಡಿಲೀಟ್ ಮಾಡುವ ಮುನ್ನ ಐಕಾನ್‌ನ ಎಡಗಡೆ ಕೆಳಮೂಲೆ ನೋಡಿ. ಪುಟ್ಟ ಬಾಣದ ಗುರುತಿದ್ದರೆ ಅದು ಶಾರ್ಟ್‌ಕಟ್, ಅಳಿಸಿದರೂ ತಂತ್ರಾಂಶಕ್ಕೆ ಏನೂ ಆಗದು. ಬಾಣವಿಲ್ಲದಿದ್ದರೆ ಅದು ನಿಜವಾದ ಫೈಲ್ ಎಂದೇ ತಿಳಿದು ಕೈ ತಡೆಯಿರಿ. ಶಾರ್ಟ್‌ಕಟ್‌ಗೆ ಕಂಟ್ರೋಲ್, ಆಲ್ಟ್ ಸೇರಿದ ಕೀ ಜೋಡಣೆ ಕೊಟ್ಟುಕೊಂಡಿದ್ದರೆ ಬೇರೆ ಯಾವುದೋ ಫೋಲ್ಡರ್‌ಗೆ ಸಾಗಿಸಬೇಡಿ. ಆ ಕೀಲಿಗಳು ಕೆಲಸ ಮಾಡುವುದು ಶಾರ್ಟ್‌ಕಟ್ ಡೆಸ್ಕ್‌ಟಾಪ್‌ನಲ್ಲೋ ಸ್ಟಾರ್ಟ್ ಮೆನುವಿನಲ್ಲೋ ಇದ್ದಾಗ ಮಾತ್ರ.

ರೀಸೈಕಲ್ ಬಿನ್, ದಿಸ್ ಪಿಸಿ ಇಂಥವಕ್ಕೆ ಹಿಡನ್ ದಾರಿ ನಡೆಯದು. ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಥೀಮ್ಸ್ ಮೂಲಕ ‘ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್’ ತೆರೆದು ಟಿಕ್ ತೆಗೆಯಬೇಕು. ಬಿನ್ ಕಾಣದಿದ್ದರೂ ಅಳಿಸಿದ ಫೈಲ್‌ಗಳು ಎಂದಿನಂತೆ ಅದಕ್ಕೇ ಹೋಗುತ್ತವೆ. ತಿಂಗಳಾನುಗಟ್ಟಲೆ ಖಾಲಿ ಮಾಡದೆ ಅವು ಡಿಸ್ಕ್‌ನ ಜಾಗ ಹಿಡಿದುಕೊಳ್ಳುವುದು ಹೀಗೆಯೇ. ತೆಗೆಯುವ ಮೊದಲೇ ಅದನ್ನು ಸ್ಟಾರ್ಟ್‌ಗೆ ಪಿನ್ ಮಾಡಿಟ್ಟುಕೊಳ್ಳಿ.

ಕಾಲೇಜು ಲ್ಯಾಬ್, ಗ್ರಂಥಾಲಯದಂಥ ಕಡೆ ಯಾರೂ ಬದಲಿಸದ ಹಾಗೆ ಮರೆಮಾಡಬೇಕೆಂದರೆ ಗ್ರೂಪ್ ಪಾಲಿಸಿಯೇ (ಬಳಕೆದಾರರಿಗೆ ನಿಯಮ ಹಾಕುವ ವಿಂಡೋಸ್ ವ್ಯವಸ್ಥೆ) ಗಟ್ಟಿ. ಅದರ ಎಡಿಟರ್ (gpedit.msc) ತೆರೆದು, ಯೂಸರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಡೆಸ್ಕ್‌ಟಾಪ್ ಒಳಗೆ ‘ಹೈಡ್ ಅಂಡ್ ಡಿಸೇಬಲ್ ಆಲ್ ಐಟಮ್ಸ್ ಆನ್ ದ ಡೆಸ್ಕ್‌ಟಾಪ್’ ಎನೇಬಲ್ ಮಾಡಿ, ಸೈನ್ ಔಟ್ ಆಗಿ ಮತ್ತೆ ಬನ್ನಿ. ಇಲ್ಲಿ ರೈಟ್ ಕ್ಲಿಕ್ ಮೆನುವೂ ನಿಲ್ಲುತ್ತದೆ, ಹಾಗಾಗಿ ವ್ಯೂ ಟಿಕ್ ಹಾಕಿ ಮರಳಿ ತರಲು ಆಗದು. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಈ ಎಡಿಟರ್ ಇಲ್ಲ, ಪ್ರೊ ಅಥವಾ ಅದಕ್ಕೂ ಮೇಲಿನದು ಬೇಕು. ಸಾಮಾನ್ಯ ಎಡಿಟರ್‌ನಲ್ಲಿ ಮಾಡಿದ ಬದಲಾವಣೆ ಅಡ್ಮಿನಿಸ್ಟ್ರೇಟರ್ ಅಕೌಂಟ್‌ಗೂ ತಗಲುತ್ತದೆ. ವಿದ್ಯಾರ್ಥಿಗಳಿಗೆ ಮಾತ್ರ ಸಾಕೆಂದರೆ ಎಂಎಂಸಿ (ವಿಂಡೋಸ್‌ನ ಮೈಕ್ರೋಸಾಫ್ಟ್ ಮ್ಯಾನೇಜ್‌ಮೆಂಟ್ ಕನ್ಸೋಲ್) ತೆರೆದು, ಗ್ರೂಪ್ ಪಾಲಿಸಿ ಆಬ್ಜೆಕ್ಟ್ ಎಡಿಟರ್ ಸೇರಿಸುವಾಗ ಬ್ರೌಸ್ ಒತ್ತಿ, ಯೂಸರ್ಸ್ ಟ್ಯಾಬ್‌ನಲ್ಲಿ ‘ನಾನ್-ಅಡ್ಮಿನಿಸ್ಟ್ರೇಟರ್ಸ್’ ಆರಿಸಿ ಅಲ್ಲಿ ಇದೇ ಪಾಲಿಸಿ ಹಾಕಬೇಕು. ಮುಂದೆ ತೆಗೆಯುವಾಗ ‘ನಾಟ್ ಕಾನ್ಫಿಗರ್ಡ್’ ಮಾಡಿ, ಆ ಅಕೌಂಟ್‌ನಿಂದ ಮತ್ತೊಮ್ಮೆ ಸೈನ್ ಔಟ್ ಆಗಬೇಕು.