ಬಡಾವಣೆ ಒಕ್ಕೂಟದ ಡೆಂಗಿ ತಡೆ ಸೇವೆ: ಹೊಗೆಗೆ ಎಷ್ಟು ಅಂಕ, ಮುಚ್ಚಳಕ್ಕೆ ಎಷ್ಟು?

ಮೇ ತಿಂಗಳಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ಬೆಂಗಳೂರಿನ ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಶುರುವಾಗುತ್ತದೆ: "ಹೊಗೆ ಮಷಿನ್ ಯಾವಾಗ ಬರುತ್ತೆ ಸಾರ್?" ಜುಲೈ ಹೊತ್ತಿಗೆ ಒಂದಿಬ್ಬರಿಗೆ ಡೆಂಗಿ ಆಗಿರುತ್ತದೆ. ಆಗ ಕ್ಷೇಮಾಭಿವೃದ್ಧಿ ಸಂಘ, ಪಕ್ಕದ ಅಪಾರ್ಟ್‌ಮೆಂಟಿನ ಅಸೋಸಿಯೇಷನ್, ಅಂಗಡಿಯವರು, ಆಶಾ ಕಾರ್ಯಕರ್ತೆ, ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್'ನವರು ಎಲ್ಲ ಸೇರಿ ಒಂದು ಒಕ್ಕೂಟ ಆಗುತ್ತದೆ, ಮನೆಗಿಷ್ಟು ಎಂದು ಚಂದಾ ಎತ್ತುತ್ತದೆ. ಆ ಚಂದಾಕ್ಕೆ ನಿವಾಸಿಗೆ ಸಿಗುವ ಸೇವೆ ಏನು, ಅದರಲ್ಲಿ ಯಾವುದು ಕೆಲಸದ್ದು, ಯಾವುದು ಬರೀ ಗದ್ದಲ ಎಂದು ಬಿಡಿಬಿಡಿಯಾಗಿ ತೂಗಿದ ವಿಮರ್ಶೆ ಇದು. ಅಂಕ ಐದಕ್ಕೆ.

ಮೊದಲು ಒಕ್ಕೂಟ ಯಾಕೆ ಬೇಕು ಎಂಬುದು. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ದೂರ ಹಾರುವುದಿಲ್ಲ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರು, ಇನ್ನೂರು ಮೀಟರಿನೊಳಗೇ ಅದರ ಬದುಕು ಮುಗಿಯುತ್ತದೆ. ಅಂದರೆ ಕಚ್ಚಿದ ಸೊಳ್ಳೆ ನಿಮ್ಮದೇ ಕ್ರಾಸಿನದು, ಹೆಚ್ಚೆಂದರೆ ಹಿಂದಿನ ಕ್ರಾಸಿನದು. ನಿಮ್ಮ ಮನೆ ಎಷ್ಟೇ ಚೊಕ್ಕಟವಾಗಿದ್ದರೂ ಎದುರು ಕಟ್ಟಡದ ಲಿಫ್ಟ್ ಗುಂಡಿಯಲ್ಲಿ ನೀರು ನಿಂತಿದ್ದರೆ ಪ್ರಯೋಜನವಿಲ್ಲ. ಸುತ್ತ ಇನ್ನೂರು ಮೀಟರಿನೊಳಗೆ ಇರುವವರೆಲ್ಲ ಒಪ್ಪಿದರೆ ಮಾತ್ರ ಇದು ನಡೆಯುವ ಕೆಲಸ. ಹಾಗಾಗಿ ಇಡೀ ವಾರ್ಡಿಗೆ ಒಂದೇ ದೊಡ್ಡ ಒಕ್ಕೂಟ ಮಾಡಿ ಬ್ಯಾನರ್ ಕಟ್ಟುವುದಕ್ಕಿಂತ, ನಾಲ್ಕೈದು ಕ್ರಾಸಿಗೊಂದು ಪುಟ್ಟ ತಂಡ ಇರುವ ಕಡೆ ಕೆಲಸ ಚೆನ್ನಾಗಿ ಆಗುತ್ತದೆ.

ಫಾಗಿಂಗ್, ಅಂದರೆ ಹೊಗೆ. ಅಂಕ: ಒಂದೂವರೆ.

ಚಂದಾದ ದೊಡ್ಡ ಪಾಲು ಇಲ್ಲಿಗೇ ಹೋಗುತ್ತದೆ, ಯಾಕೆಂದರೆ ಇದು ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಡೀಸೆಲ್ಲಿನಲ್ಲಿ ಕೀಟನಾಶಕ ಬೆರೆಸಿ ಬಿಸಿ ಮಾಡಿ ಬಿಡುವ ಈ ಹೊಗೆ ಆ ಕ್ಷಣ ಹಾರಾಡುತ್ತಿರುವ ಸೊಳ್ಳೆಗೆ ತಗುಲಿದರೆ ಅದು ಸಾಯುತ್ತದೆ, ಅಷ್ಟೇ. ನೀರಿನಲ್ಲಿರುವ ಹುಳುವಿಗೆ (ಸೊಳ್ಳೆಯ ಮರಿ, ಅಂದರೆ ಲಾರ್ವಾ), ಮೊಟ್ಟೆಗೆ ಏನೂ ಆಗುವುದಿಲ್ಲ. ಹೊಗೆ ಚದುರಿದ ಮೇಲೆ ಔಷಧಿಯ ಅಂಶ ಉಳಿಯುವುದೂ ಇಲ್ಲ, ನಾಳೆ ಬೆಳಿಗ್ಗೆ ಹೊಸ ಸೊಳ್ಳೆ ಹೊರಬರುತ್ತದೆ. ಇನ್ನೊಂದು ತೊಡಕು, ಈಡಿಸ್ ಸೊಳ್ಳೆ ರಸ್ತೆಯಲ್ಲಿ ಕೂರುವುದಿಲ್ಲ. ಮಂಚದ ಕೆಳಗೆ, ಪರದೆಯ ಹಿಂದೆ, ಬಾಗಿಲ ಹಿಂದೆ ನೇತುಹಾಕಿದ ಬಟ್ಟೆಗಳ ನಡುವೆ ಕೂರುತ್ತದೆ. ಗಾಡಿಯಲ್ಲಿ ಹೊಗೆ ಬಿಟ್ಟುಕೊಂಡು ಹೋಗುವಾಗ ನಿವಾಸಿಗಳು ಮಾಡುವ ಮೊದಲ ಕೆಲಸವೇ ಕಿಟಕಿ ಬಾಗಿಲು ಹಾಕಿಕೊಳ್ಳುವುದು. ಸೊಳ್ಳೆ ಒಳಗೆ, ಹೊಗೆ ಹೊರಗೆ!

ಹಾಗೆಂದು ಹೊಗೆಯೇ ಬೇಡ ಎಂದಲ್ಲ. ಒಂದು ಮನೆಯಲ್ಲಿ ಡೆಂಗಿ ಖಚಿತವಾದಾಗ ಆ ಮನೆಯೊಳಗೆ ಮತ್ತು ಸುತ್ತಲಿನ ಮನೆಗಳೊಳಗೆ ಸಿಂಪಡಣೆ ಮಾಡುವುದಕ್ಕೆ ಅರ್ಥವಿದೆ. ಸೋಂಕು ಹೊತ್ತ ಸೊಳ್ಳೆ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಇದಕ್ಕೆ ಬಳಸುವುದು ಶೇ 2ರ ಪೈರೆಥ್ರಮ್ ಸಾರ, ಒಂದು ಭಾಗಕ್ಕೆ 19 ಭಾಗ ಸೀಮೆಎಣ್ಣೆ. ಸೀಮೆಎಣ್ಣೆ ಆದ್ದರಿಂದ ಒಲೆ, ದೀಪ, ಊದುಬತ್ತಿ ಎಲ್ಲ ಆರಿಸಬೇಕು, ತಿನ್ನುವ ಪದಾರ್ಥ ಮುಚ್ಚಬೇಕು, ಮೀನಿನ ತೊಟ್ಟಿಗೆ ಬಟ್ಟೆ ಹೊದಿಸಬೇಕು. ಖಾಸಗಿಯವರನ್ನು ಕರೆಸುವುದಾದರೆ ಮೂರು ಪ್ರಶ್ನೆ ಕೇಳಿ: ಔಷಧಿ ಯಾವುದು, ಎಷ್ಟಕ್ಕೆ ಎಷ್ಟು ಬೆರೆಸುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ. ಮೂರನೆಯದಕ್ಕೆ "ಮಧ್ಯಾಹ್ನ ಹನ್ನೆರಡಕ್ಕೆ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಿ. ಬಿಸಿಲೇರಿದಾಗ ಕಾದ ಗಾಳಿಯ ಜತೆ ಹೊಗೆ ಮೇಲಕ್ಕೇ ಹೋಗಿಬಿಡುತ್ತದೆ. ಗಾಳಿ ಕಡಿಮೆ ಇರುವ ಮುಂಜಾನೆ ಅಥವಾ ಸಂಜೆ ಸರಿಯಾದ ಸಮಯ; ಈ ಸೊಳ್ಳೆ ಕಚ್ಚುವ ಭರಾಟೆಯೂ ಆಗಲೇ.

ವಾರದ ಮನೆ ತಪಾಸಣೆ. ಅಂಕ: ನಾಲ್ಕೂವರೆ.

ಸೇವೆಯ ಜೀವ ಇರುವುದು ಇಲ್ಲಿ. ಮೊಟ್ಟೆಯಿಂದ ಸೊಳ್ಳೆ ಆಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ಏಳು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಸರಪಳಿ ತುಂಡಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಬರುವ ತಂಡ ಬಂದರೂ ಒಂದೇ, ಬಿಟ್ಟರೂ ಒಂದೇ. ತಿಂಗಳಿಗೊಮ್ಮೆ "ಬೃಹತ್ ಅಭಿಯಾನ" ಮಾಡಿ ಫೋಟೊ ಹಾಕುವ ಒಕ್ಕೂಟಕ್ಕೆ ಒಂದು ಅಂಕ ಕೊಡುವುದೂ ಹೆಚ್ಚೇ.

ಸಲಕರಣೆ ಹೆಚ್ಚೇನಿಲ್ಲ. ಇಬ್ಬರು, ಅವರಲ್ಲಿ ಒಬ್ಬರಾದರೂ ಅದೇ ಕ್ರಾಸಿನ ಹೆಂಗಸು, ಇಲ್ಲದಿದ್ದರೆ ಅಡುಗೆಮನೆ, ಬಾಲ್ಕನಿವರೆಗೆ ಬಿಡುವುದಿಲ್ಲ. ಒಂದು ಟಾರ್ಚು, ಉದ್ದ ಹಿಡಿಯ ಸೌಟು, ಒಂದು ಬಿಳಿ ಬೋಗುಣಿ, ಬಿಳಿಯೇ ಇರಬೇಕು, ಸ್ಟೀಲಿನ ಪಾತ್ರೆಯಲ್ಲಿ ಹುಳು ಕಾಣುವುದಿಲ್ಲ. ಒಂದು ಗಟ್ಟಿ ಬ್ರಷ್ ಅಥವಾ ತೆಂಗಿನ ನಾರು. ಡ್ರಮ್ಮಿನ ಮೇಲೆ ನೆರಳು ಬೀಳದಂತೆ ನಿಂತು ಮೆಲ್ಲಗೆ ಇಣುಕಿ ನೋಡಬೇಕು. ನೀರು ಅಲುಗಿದರೆ, ಟಾರ್ಚು ಬಿದ್ದರೆ ಹುಳುಗಳು ಕುಣಿಯುತ್ತಾ ತಳಕ್ಕೆ ಇಳಿಯುತ್ತವೆ. ನೋಡಿದವರು "ಏನೂ ಇಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. ಒಂದೆರಡು ನಿಮಿಷ ಕಾದರೆ ಉಸಿರಿಗಾಗಿ ಮತ್ತೆ ಮೇಲೆ ಬರುತ್ತವೆ. ತಲೆ ಕೆಳಗಾಗಿ ಓರೆಯಾಗಿ ನೇತಾಡಿದರೆ ಈಡಿಸ್ ಅಥವಾ ಚರಂಡಿ ಸೊಳ್ಳೆ ಕ್ಯೂಲೆಕ್ಸ್, ನೀರಿನ ಮೈಗೆ ಸಮವಾಗಿ ಮಲಗಿದರೆ ಮಲೇರಿಯಾದ ಅನಾಫಿಲಿಸ್.

ಎಲ್ಲಿ ನೋಡಬೇಕು? ಎಲ್ಲರಿಗೂ ಗೊತ್ತಿರುವ ಟೈರು, ಹೂಕುಂಡದ ತಟ್ಟೆ ಬಿಡಿ. ತಪ್ಪಿಹೋಗುವ ಜಾಗಗಳು ಬೇರೆ ಇವೆ. ಸಂಪಿನ ಕಬ್ಬಿಣದ ಮುಚ್ಚಳದಲ್ಲಿ ಹಿಡಿಗೆಂದು ಮಾಡಿದ ತಗ್ಗು, ಅದರಲ್ಲಿ ಒಂದು ಲೋಟ ಮಳೆನೀರು ನಿಲ್ಲುತ್ತದೆ, ಅಷ್ಟು ಧಾರಾಳ ಸಾಕು. ಸಿಂಟೆಕ್ಸ್ ಟ್ಯಾಂಕಿನಿಂದ ತೆಗೆದು ತಾರಸಿಯಲ್ಲಿ ಮಗುಚಿ ಇಟ್ಟು ಮರೆತ ಮುಚ್ಚಳ. ನೀರಿನ ಮೀಟರಿನ ಗುಂಡಿ. ಫ್ರಿಜ್ಜಿನ ಹಿಂದಿನ ತಟ್ಟೆ. ಮನಿಪ್ಲಾಂಟ್ ಬಾಟಲಿ. ಹಕ್ಕಿಗೆಂದು ಇಟ್ಟ ಮಣ್ಣಿನ ಬಟ್ಟಲು. ಹಿತ್ತಲಲ್ಲಿ ಬಿದ್ದಿರುವ ಅಜ್ಜಿ ಕಾಲದ ಒರಳುಕಲ್ಲು. ತಾರಸಿಯ ಟಾರ್ಪಾಲಿನ ಮಡಿಕೆ. ಓವರ್‌ಹೆಡ್ ಟ್ಯಾಂಕಿನ ಓವರ್‌ಫ್ಲೋ ಪೈಪಿನ ತೆರೆದ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ ಎರಡು ಪದರ ಸುತ್ತಿ ಹಳೆ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದರೆ ವರ್ಷ ಬಾಳುತ್ತದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಗಳಲ್ಲಿ ಡ್ರಮ್ಮು, ಬಿಂದಿಗೆ ಹೆಚ್ಚು, ಹಾಗಾಗಿ ಅಲ್ಲಿ ಹುಳುವೂ ಹೆಚ್ಚು. ಅಂಥ ಕಡೆ "ನೀರು ಚೆಲ್ಲಿ" ಎನ್ನುವ ತಂಡಕ್ಕೆ ಬೈಗುಳ ಸಿಗುವುದು ನ್ಯಾಯವೇ. ಅಲ್ಲಿ ಹೇಳಬೇಕಾದ್ದು ಚೆಲ್ಲಿ ಎಂದಲ್ಲ, ಮುಚ್ಚಿ ಎಂದು. ಹಳೇ ಸೀರೆ ಕಟ್ಟಿದರೂ ಆದೀತು, ಆದರೆ ಬಟ್ಟೆ ಜೋತು ನೀರಿಗೆ ತಾಕಬಾರದು.

ಈಗ ಹೆಚ್ಚಿನ ತಂಡಗಳು ಎಡವುವ ವಿಷಯ. ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಅಂಚಿಗೆ ಸ್ವಲ್ಪ ಮೇಲೆ, ಒದ್ದೆ ಗೋಡೆಯ ಮೇಲೆ. ಕಪ್ಪು ಸಾಸಿವೆಗಿಂತ ಎಷ್ಟೋ ಸಣ್ಣ ಚುಕ್ಕೆ, ಡ್ರಮ್ಮಿನ ಒಳಮೈಯ ಕೊಳೆಯಂತೆಯೇ ಕಾಣುತ್ತದೆ. ಆ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ಮತ್ತೆ ಆ ಮಟ್ಟಕ್ಕೆ ಏರಿದಾಗ ಒಡೆಯುತ್ತದೆ. ಬರೀ ನೀರು ಚೆಲ್ಲಿ ಡ್ರಮ್ಮು ಮತ್ತೆ ತುಂಬಿದರೆ ಮೊಟ್ಟೆಗೆ ನಾವೇ ಕಾವು ಕೊಟ್ಟಂತೆ. ಚೆಲ್ಲಿ, ನೀರಿನ ಗೆರೆ ಇದ್ದ ಜಾಗದಿಂದ ಒಂದು ಗೇಣು ಮೇಲಿನವರೆಗೂ ಸುತ್ತ ನಾರಿನಿಂದ ಉಜ್ಜಿ, ತೊಳೆದ ನೀರನ್ನು ಇನ್ನೊಂದು ಪಾತ್ರೆಗಲ್ಲ, ಒಣ ಮಣ್ಣಿಗೆ ಸುರಿಯಬೇಕು.

ಲೆಕ್ಕ ಇಡುವುದು ಹೀಗೆ: ನೋಡಿದ ಮನೆಗಳಲ್ಲಿ ಹುಳು ಸಿಕ್ಕ ಮನೆ ಶೇಕಡಾ ಎಷ್ಟು ಎಂಬುದು ಮನೆ ಸೂಚ್ಯಂಕ. ನೂರು ಮನೆಗೆ ಹುಳು ಇದ್ದ ಪಾತ್ರೆ ಎಷ್ಟು ಎಂಬುದು ಬ್ರೆಟೊ ಸೂಚ್ಯಂಕ. ಉದಾಹರಣೆಗೆ 60 ಮನೆ ನೋಡಿ 9ರಲ್ಲಿ ಸಿಕ್ಕರೆ ಮನೆ ಸೂಚ್ಯಂಕ 15; ಹತ್ತು ದಾಟಿದರೆ ಎಚ್ಚರದ ಗಂಟೆ. ಬೀಗ ಹಾಕಿದ ಮನೆಯನ್ನು "ಹುಳು ಇಲ್ಲ" ಎಂದು ಸೇರಿಸಿಕೊಂಡು ಸೂಚ್ಯಂಕ ಇಳಿಸುವ ಚಾಳಿ ಸಾಮಾನ್ಯ. ಬೀಗದ ಮನೆಗೆ ಪ್ರತ್ಯೇಕ ಕಾಲಂ ಇಲ್ಲದ ನೋಟ್‌ಬುಕ್ಕನ್ನು ನಂಬಬೇಡಿ.

ಲಾರ್ವಾನಾಶಕ. ಅಂಕ: ಮೂರು, ಅಳತೆ ಸರಿ ಇದ್ದರೆ.

ಚೆಲ್ಲಲಾಗದ, ಮುಚ್ಚಲಾಗದ ನೀರಿಗೆ ಮಾತ್ರ. ಟೆಮಿಫಾಸ್ ಶೇ 50ರ ದ್ರಾವಣವಾದರೆ 10 ಲೀಟರ್ ನೀರಿಗೆ 2.5 ಮಿಲಿ ಬೆರೆಸಿ, ನೀರಿನ ಮೈ ಒಂದು ಚದರ ಮೀಟರಿಗೆ 20 ಮಿಲಿಯಂತೆ ಸಿಂಪಡಿಸುವುದು. ಎರಡು ಮೀಟರ್ ಚೌಕದ ಲಿಫ್ಟ್ ಗುಂಡಿಗೆ 80 ಮಿಲಿ ಸಾಕು. ಕಂಡದ್ದೆಂದರೆ ಮಗ್ಗಿನಲ್ಲಿ ಎತ್ತಿ ಸುರಿಯುವುದು! ಕುಡಿಯುವ ಸಂಪಿಗೆ ಇದನ್ನು ನಿವಾಸಿಗಳು ತಾವೇ ಹಾಕುವುದು ಬೇಡ, ಆರೋಗ್ಯ ಇಲಾಖೆಯವರಿಗೆ ಬಿಡಿ. ಬಾವಿ, ಕಾರಂಜಿ, ತಾವರೆ ತೊಟ್ಟಿಗೆ ಹುಳು ತಿನ್ನುವ ಗ್ಯಾಂಬೂಸಿಯಾ ಅಥವಾ ಗಪ್ಪಿ ಮೀನು ಸಾಕು. ಆದರೆ ಕೆರೆಗೆ ಬಿಡಬಾರದು, ಅಲ್ಲಿನ ಸ್ಥಳೀಯ ಮೀನಿನ ಮರಿಗೆ ಕುತ್ತು. ಚರಂಡಿ ಬದಿಗೆ ಬಿಳಿ ಗೆರೆ ಎಳೆದಂತೆ ಬ್ಲೀಚಿಂಗ್ ಪುಡಿ ಚೆಲ್ಲುವುದಕ್ಕೂ ಡೆಂಗಿಗೂ ಸಂಬಂಧವಿಲ್ಲ. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟಿ ರಾತ್ರಿ ಗುಂಯ್‌ಗುಡುವುದು ಕ್ಯೂಲೆಕ್ಸ್. ರಾತ್ರಿಯ ಕಡಿತ ಕಡಿಮೆಯಾಯಿತೆಂದು ಒಕ್ಕೂಟಕ್ಕೆ ಶಭಾಸ್ ಹೇಳುವವರು ಹಗಲಲ್ಲಿ ಕಚ್ಚುವ ಕಪ್ಪು ಬಿಳಿ ಪಟ್ಟೆಯದನ್ನು ಮರೆತೇಬಿಡುತ್ತಾರೆ.

ಬೀಗದ ಗೇಟು ತೆರೆಸುವ ಸೇವೆ. ಅಂಕ: ಒಕ್ಕೂಟದಿಂದ ಒಕ್ಕೂಟಕ್ಕೆ ಸೊನ್ನೆಯಿಂದ ಐದು.

ಬಿಡಿ ಮನೆಯವರಿಂದ ಆಗದ, ಒಕ್ಕೂಟ ಮಾತ್ರ ಮಾಡಬಲ್ಲ ಕೆಲಸ ಇದು. ಕಟ್ಟುತ್ತಿರುವ ಕಟ್ಟಡ, ಖಾಲಿ ಸೈಟು, ಪಿ.ಜಿ.ಗಳ ತಾರಸಿ, ಗುಜರಿ ಅಂಗಡಿ, ಪಂಕ್ಚರ್ ಅಂಗಡಿ, ಎಳನೀರು ಬುರುಡೆಯ ರಾಶಿ. ಕಟ್ಟಡದ್ದೇ ದೊಡ್ಡ ತಲೆನೋವು. ಸ್ಲ್ಯಾಬ್ ಹಾಕಿದ ಮೇಲೆ ಅಂಚಿಗೆ ಗಾರೆ ಕಟ್ಟೆ ಕಟ್ಟಿ ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟು ಗಟ್ಟಿಯಾಗಲೆಂದು, ನೀರು ನಿಲ್ಲಿಸುತ್ತಾರೆ, ಕಡಿಮೆ ಎಂದರೂ ಏಳು ದಿನ, ಈಗಿನ ಸಿಮೆಂಟಿಗೆ ಹತ್ತು ದಿನ ಬೇಕು. ಸೊಳ್ಳೆಗೂ ಸರಿಯಾಗಿ ಅಷ್ಟೇ ದಿನ ಬೇಕು! ಮೇಸ್ತ್ರಿಗೆ "ನೀರು ನಿಲ್ಲಿಸಬೇಡ" ಎಂದರೆ ಕೇಳುವುದಿಲ್ಲ, ಕೇಳಲೂಬಾರದು, ಸ್ಲ್ಯಾಬು ಬಿರುಕು ಬಿಡುತ್ತದೆ. ಐದನೇ ದಿನ ಕಟ್ಟೆಯನ್ನು ಒಂದು ಕಡೆ ಒಡೆದು ಹಳೇ ನೀರನ್ನು ಪೊರಕೆಯಿಂದ ಪೂರ್ತಿ ತಳ್ಳಿ, ಕಟ್ಟೆ ಮುಚ್ಚಿ ಕೂಡಲೇ ಹೊಸ ನೀರು ಬಿಡು ಎಂದರೆ ಒಪ್ಪುತ್ತಾನೆ. ಅರ್ಧ ಗಂಟೆಯ ಕೆಲಸ, ಕಾಂಕ್ರೀಟಿಗೂ ತೊಂದರೆಯಿಲ್ಲ. ಕಂಬಗಳಿಗೆ ಗೋಣಿ ಸುತ್ತಿ ನೀರು ಹೊಡೆಯುವುದರಿಂದ ಸಮಸ್ಯೆ ಇಲ್ಲ. ಕೆಲಸದವರು ನೀರು ಹಿಡಿದಿಡುವ ಇಟ್ಟಿಗೆ ತೊಟ್ಟಿಯೇ ನಿಜವಾದ ಕಾರ್ಖಾನೆ, ಅದನ್ನು ಮೊದಲು ನೋಡಿ.

ಬಾಯಿಮಾತಿಗೆ ಬಗ್ಗದಿದ್ದರೆ ಕಾನೂನು ಇದೆ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ ದಂಡ ಗೊತ್ತುಮಾಡಿತು: ನಗರಗಳಲ್ಲಿ ಮನೆಗೆ ₹400, ವಾಣಿಜ್ಯ ಜಾಗಕ್ಕೆ ₹1,000, ಕಟ್ಟಡ ಕಾಮಗಾರಿ ಮತ್ತು ಖಾಲಿ ಸೈಟಿಗೆ ₹2,000. ದಂಡ ಹಾಕುವ ಅಧಿಕಾರ ಅಧಿಕಾರಿಗಳದ್ದು, ಒಕ್ಕೂಟದ್ದಲ್ಲ. ಸಂಘದ ಕಾರ್ಯದರ್ಶಿ ರಸೀದಿ ಪುಸ್ತಕ ಹಿಡಿದು ಹೊರಟರೆ ಅದು ಬೇರೆಯದೇ ಕೇಸು. ದೂರು ಕೊಡುವಾಗ ಹತ್ತು ಜಾಗ ಸೇರಿಸಿ ಒಂದೇ ಅರ್ಜಿ ಬರೆಯಬೇಡಿ. ಜಾಗಕ್ಕೊಂದು ದೂರು, ಹುಳು ಕಾಣುವ ಫೋಟೊ, ಗುರುತಿನ ಅಂಗಡಿಯ ಹೆಸರು, ದೂರಿನ ಸಂಖ್ಯೆ. 2025ರ ಸೆಪ್ಟೆಂಬರಿನಿಂದ ನಗರಕ್ಕೆ ಐದು ಪಾಲಿಕೆಗಳಾಗಿರುವುದರಿಂದ ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲೇ ನೋಡಿಕೊಳ್ಳಿ. ಗಡಿ ರಸ್ತೆಯಾದರೆ ಎರಡೂ ಕಡೆಯ ಸಂಘದವರು ಒಟ್ಟಿಗೆ ಹೋಗುವುದೇ ವಾಸಿ.

ಜ್ವರದ ಮಾಹಿತಿ. ಅಂಕ: ಎರಡೂವರೆ.

ಒಳ್ಳೆಯ ತಂಡದಲ್ಲಿ ಯಾರಿಗಾದರೂ ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ಕೂಡಲೇ ಸುದ್ದಿ ಮುಟ್ಟುತ್ತದೆ, ಗುಂಪಿನಲ್ಲಿ ಬರುವುದು ಕ್ರಾಸ್ ಸಂಖ್ಯೆ ಮಾತ್ರ. ರೋಗಿಯ ಹೆಸರು, ರಿಪೋರ್ಟಿನ ಫೋಟೊ ಹಾಕುವ ಗುಂಪಿನಲ್ಲಿ ಮುಂದಿನ ಸಲ ಯಾರೂ ಜ್ವರ ಬಂದಿದೆ ಎಂದು ಬಾಯಿ ಬಿಡುವುದಿಲ್ಲ. ಡೆಂಗಿ ಪತ್ತೆಗೆ ಜ್ವರದ ಮೊದಲ ಐದು ದಿನ ಎನ್‌ಎಸ್1 (ವೈರಸ್ಸಿನ ಅಂಶ ಹುಡುಕುವುದು), ಆಮೇಲೆ ಐಜಿಎಂ (ದೇಹದ ಪ್ರತಿಕಾಯ ಹುಡುಕುವುದು) ರಕ್ತಪರೀಕ್ಷೆ. 2024ರ ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಎಲೈಸಾ ವಿಧಾನದಲ್ಲಿ ಇವೆರಡಕ್ಕೂ ತಲಾ ₹300, ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗೆ ₹250 ಮಿತಿ ಹಾಕಿತು. ಗುಂಪಿನಲ್ಲಿ ಪಪ್ಪಾಯಿ ಎಲೆ ರಸದ ಬದಲು ಇದನ್ನು ಪಿನ್ ಮಾಡಿ: ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ ಬೇಕು, ಬಿಡದ ಹೊಟ್ಟೆನೋವು, ಪದೇಪದೇ ವಾಂತಿ, ಒಸಡಿನ ರಕ್ತ, ಮಂಕು ಕಂಡರೆ ಆಸ್ಪತ್ರೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಆಂಬ್ಯುಲೆನ್ಸಿಗೆ 108, ಸಲಹೆಗೆ 104.

ಚಂದಾ ಕೊಡುವ ಮುನ್ನ ಕೇಳಬೇಕಾದ್ದು ತಂಡ ಯಾವ ತಿಂಗಳವರೆಗೆ ನಡೆಯುತ್ತದೆ ಎಂದು. ದೀಪಾವಳಿ ಮುಗಿಯುತ್ತಿದ್ದಂತೆ ಹೆಚ್ಚಿನವು ಚದುರುತ್ತವೆ, ಡ್ರಮ್ಮುಗಳು ಉಜ್ಜದೇ ತಾರಸಿಯ ಮೂಲೆಗೆ ಸೇರುತ್ತವೆ, ಗೋಡೆಗಂಟಿದ ಮೊಟ್ಟೆ ಸಮೇತ. ನವೆಂಬರಿನಲ್ಲಿ ಒಂದು ಸುತ್ತು ಉಜ್ಜಿ ಬೋರಲು ಹಾಕುವುದು, ಮಾರ್ಚ್ ಕೊನೆಗೆ ಮತ್ತೊಂದು ಸುತ್ತು ಪೈಪಿನ ಬಲೆ, ಸಂಪಿನ ಮುಚ್ಚಳ ನೋಡುವುದು, ಈ ಎರಡೂ ಪಟ್ಟಿಯಲ್ಲಿ ಇರುವ ಒಕ್ಕೂಟಕ್ಕೆ ವರ್ಷದ ಚಂದಾ ಒಟ್ಟಿಗೇ ಕೊಡಬಹುದು. ಇಲ್ಲದಿದ್ದರೆ ತಿಂಗಳು ತಿಂಗಳು ಕೊಡಿ, ನೋಟ್‌ಬುಕ್ ನೋಡಿ ಕೊಡಿ.