ರೆಸ್ಯೂಮೆಗೆ ಯಾವುದು: ಗೂಗಲ್ ಡಾಕ್ಸ್, ಕ್ಯಾನ್ವಾ, ಡಿಟಿಪಿ ಅಂಗಡಿ?

ಖರ್ಚು ನೋಡಿದರೆ, ಆನ್‌ಲೈನ್‌ನಲ್ಲೇ ಟೈಪ್ ಮಾಡುವ ಗೂಗಲ್ ಡಾಕ್ಸ್ ಉಚಿತ. ಕ್ಯಾನ್ವಾ ಅನ್ನುವ ಡಿಸೈನ್ ಆ್ಯಪ್‌ನಲ್ಲಿ ಕೆಲವು ಟೆಂಪ್ಲೇಟ್‌ಗಳಿಗೆ (ಸಿದ್ಧ ಮಾದರಿಗಳಿಗೆ) ದುಡ್ಡು ಕೊಡಬೇಕು. ಡಿಟಿಪಿಯಲ್ಲಿ ಸಣ್ಣ ತಿದ್ದುಪಡಿಗೂ ಮತ್ತೆ ಅಂಗಡಿಗೆ ಹೋಗಬೇಕು.

ಅಂದಕ್ಕೆ ಕ್ಯಾನ್ವಾನೇ ಮುಂದು, ಡಿಸೈನ್ ಕೆಲಸಕ್ಕೆ ಒಪ್ಪುತ್ತದೆ. ಆದರೆ ಎಷ್ಟೋ ದೊಡ್ಡ ಕಂಪನಿಗಳು ಅರ್ಜಿಯನ್ನು ಮೊದಲು ಸಾಫ್ಟ್‌ವೇರ್‌ನಿಂದ ಓದಿಸುತ್ತವೆ. ಎರಡು ಕಾಲಂ, ಚಿತ್ರದೊಳಗಿನ ಅಕ್ಷರ ಅದಕ್ಕೆ ಸರಿಯಾಗಿ ಸಿಗದೇ ಹೋಗಬಹುದು. ಹುಬ್ಬಳ್ಳಿಯಲ್ಲಿ ಕೂತು ಬೆಂಗಳೂರಿನ ಐಟಿ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಡಾಕ್ಸ್ ಒಳ್ಳೆಯದು. ಒಂದೇ ಕಾಲಂ, ಒಂದೇ ಫಾಂಟ್, 11 ಪಾಯಿಂಟ್ ಅಕ್ಷರ ಇಟ್ಟು ಪಿಡಿಎಫ್ ಮಾಡಿ. ಸುಮ್ನೆ ಬಣ್ಣ ತುಂಬುವುದಕ್ಕಿಂತ ಇದೇ ಜಾಸ್ತಿ ನೀಟಾಗಿ ಕಾಣುತ್ತದೆ.

ಗೋಕುಲ ರಸ್ತೆಯ ಕಾರ್ಖಾನೆಗೋ ಧಾರವಾಡದ ಶಾಲೆಗೋ ಕೈಯಲ್ಲಿ ಪ್ರತಿ ಕೊಡುವುದಿದ್ದು, ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಡಿಟಿಪಿ ಸಾಕು. ಫೈಲನ್ನು ಮಾತ್ರ ಮರೆಯದೆ ನಿಮ್ಮ ಇಮೇಲ್‌ಗೆ ಹಾಕಿಸಿಕೊಳ್ಳಿ. ಅಂಗಡಿಯವರು ಹಳೇ ಗಿರಾಕಿಯ ರೆಸ್ಯೂಮೆ ಮೇಲೆಯೇ ನಿಮ್ಮದನ್ನು ಟೈಪ್ ಮಾಡುವುದುಂಟು. ಬೇರೆಯವರ ಊರು, ಫೋನ್ ನಂಬರ್ ಉಳಿದಿದೆಯಾ ಅಂತ ಅಲ್ಲೇ ನಿಂತು ನೋಡಿ.